ಕೋಳಿ ಲಿವರ್‌ನಿಂದ ಡಿಎನ್‌ಎ ತೆಗೆಯುವುದು: ಶಾಲಾ ವಿಜ್ಞಾನ ಪ್ರದರ್ಶನಕ್ಕೆ

ಮಾಂಸದ ಅಂಗಡಿಯಲ್ಲಿ ಆಗಷ್ಟೇ ಕೊಯ್ದ ಕೋಳಿಯ ಲಿವರ್ 30 ಗ್ರಾಂ ಸಾಕು. ಕುರಿ ಲಿವರ್‌ಗಿಂತ ಕೋಳಿಯದೇ ಮೇಲು. ಹಕ್ಕಿಗಳ ಕೆಂಪು ರಕ್ತಕಣಗಳಲ್ಲೂ ಡಿಎನ್‌ಎ ತುಂಬಿರುವ ಕೋಶಕೇಂದ್ರ ಇರುತ್ತದೆ, ಕುರಿಯ ಬಲಿತ ರಕ್ತಕಣಗಳಲ್ಲಿ ಇರುವುದಿಲ್ಲ. ಆದ್ದರಿಂದ ಲಿವರ್‌ನಲ್ಲಿ ಉಳಿದ ರಕ್ತವೂ ಡಿಎನ್‌ಎ ಕೊಡುತ್ತದೆ. ಹೆಚ್ಚು ತೊಳೆಯಬೇಡಿ.

ನೀರಿನ ವಿಷಯಕ್ಕೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ವಿಶೇಷ ಗಮನ ಕೊಡಬೇಕು. ಲಿವರ್‌ನಲ್ಲಿ ಡಿಎನ್‌ಎಯನ್ನು ತುಂಡರಿಸುವ ಕಿಣ್ವಗಳಿವೆ. ಅವು ಕೆಲಸ ಮಾಡಲು ಮೆಗ್ನೀಸಿಯಂ, ಕ್ಯಾಲ್ಸಿಯಂ ಬೇಕು. ನಮ್ಮ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಎರಡೂ ಇರುತ್ತವೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಸಿಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದಾದರೂ ಆದೀತು. ಬಿಸಿಯೂ ಅದೇ ಕಿಣ್ವಗಳ ಕೈ ಬಲಪಡಿಸುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಲಿವರ್, ನೀರು ಎರಡನ್ನೂ ಐಸ್ ಮೇಲೆಯೇ ಇಟ್ಟಿರಿ.

ಲಿವರ್, 60 ಮಿ.ಲೀ. ತಣ್ಣೀರು, ಕಾಲು ಟೀ ಚಮಚ ಉಪ್ಪು, ಇಷ್ಟನ್ನು ಮಿಕ್ಸಿಯಲ್ಲಿ 10 ಸೆಕೆಂಡ್ ಮಾತ್ರ ತಿರುಗಿಸಿ. ನುಣ್ಣಗೆ ರುಬ್ಬಿದರೆ ಎಳೆಗಳೇ ಕಡಿದುಹೋಗುತ್ತವೆ. ಟೀ ಸೋಸುವ ಜಾಲರಿಯಲ್ಲಿ ಸೋಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಟೀ ಚಮಚ ಬೆರೆಸಿ. ಇದು ಕೋಶದ ಪೊರೆಯ ಕೊಬ್ಬನ್ನು ಕರಗಿಸುತ್ತದೆ. ನೊರೆ ಬಾರದಂತೆ ಮೆಲ್ಲಗೆ ಕದಡುತ್ತ 10 ನಿಮಿಷ ಬಿಡಿ. ಮಿಶ್ರಣ ಲೋಳೆಯಂತೆ ಗಟ್ಟಿಯಾಗತೊಡಗಿದರೆ ಡಿಎನ್‌ಎ ಹೊರಬಂದಿದೆ.

ಪ್ರನಾಳದ ಮೂರನೇ ಒಂದು ಭಾಗದವರೆಗೆ ಇದನ್ನು ತುಂಬಿ. ಪಪ್ಪಾಯಿ ಕಾಯನ್ನು ಗೀರಿದಾಗ ಒಸರುವ ಹಾಲು ನಾಲ್ಕೈದು ಹನಿ ಹಾಕಿ, ಒಮ್ಮೆ ಕದಡಿ. ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನನ್ನು ಅದರಲ್ಲಿರುವ ಪಪೇನ್ ಎಂಬ ಕಿಣ್ವ ಕತ್ತರಿಸುತ್ತದೆ. ಹಣ್ಣಿನ ರಸ ಬೇಡ, ಅದರಲ್ಲಿ ಪಪ್ಪಾಯಿಯದೇ ಡಿಎನ್‌ಎ ಬಂದುಬಿಡುತ್ತದೆ. ಹಾಲು ಚರ್ಮಕ್ಕೆ ಉರಿ, ಹಸಿ ಲಿವರ್‌ನಲ್ಲಿ ರೋಗಾಣು ಇರಬಹುದು, ಗ್ಲೌಸ್ ಕಡ್ಡಾಯ. ಮಿಕ್ಸಿ ಜಾರನ್ನು ಆಮೇಲೆ ಸೋಪು, ಬಿಸಿನೀರಿನಲ್ಲಿ ತೊಳೆಯಿರಿ.

ಆಲ್ಕೋಹಾಲ್ 90 ಶೇಕಡಕ್ಕಿಂತ ಗಾಢವಾಗಿರಲಿ: ಐಸೊಪ್ರೊಪೈಲ್ ಆದರೂ ಸರಿ, ಲ್ಯಾಬಿನ ಎಥನಾಲ್ ಆದರೂ ಸರಿ. ಸ್ಯಾನಿಟೈಸರ್ ಉಪಯೋಗವಿಲ್ಲ, ಅದರಲ್ಲಿ ನೀರು ಜಾಸ್ತಿ. ಮುಚ್ಚಿದ ಬಾಟಲಿಯನ್ನು ಉಪ್ಪು ಬೆರೆಸಿದ ಐಸ್‌ನಲ್ಲಿ ಅರ್ಧ ಗಂಟೆ ಹೂತಿಡಿ. ಹತ್ತಿರ ದೀಪ, ಸ್ಟೌ ಇರಬಾರದು. ಪ್ರನಾಳವನ್ನು ಓರೆಯಾಗಿ ಹಿಡಿದು, ಮಿಶ್ರಣದಷ್ಟೇ ಆಲ್ಕೋಹಾಲನ್ನು ಗಾಜಿನ ಗೋಡೆಗುಂಟ ಹನಿಹನಿಯಾಗಿ ಇಳಿಸಿ. ಮೇಲಿಂದ ಸುರಿದರೆ ಎರಡೂ ಬೆರೆತು ಪದರವೇ ನಿಲ್ಲುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಪದರಗಳ ನಡುವೆ ಬಿಳಿ ಎಳೆಗಳು ಏಳುತ್ತವೆ.

ಅದು ಡಿಎನ್‌ಎಯೇ ಎಂದು ತಿಳಿಯಲು ಕಡ್ಡಿಯಿಂದ ಒಂದೇ ದಿಕ್ಕಿಗೆ ಸುತ್ತಿ. ಎಳೆ ಕಡ್ಡಿಗೆ ಅಂಟಿ ಜಗ್ಗಿದಷ್ಟೂ ಬರಬೇಕು. ಪುಡಿಪುಡಿಯಾದರೆ ಅದು ಬಹುಪಾಲು ಪ್ರೋಟೀನ್. ಮುಂದಿನ ಸಲ ಪಪ್ಪಾಯಿ ಹಾಲು ಹಾಕಿ 10 ನಿಮಿಷ ಕಾಯಿರಿ. ಎಳೆಯಲ್ಲಿ ಸ್ವಲ್ಪ ಪ್ರೋಟೀನ್, ಆರ್‌ಎನ್‌ಎ ಇದ್ದೇ ಇರುತ್ತವೆ, ತೀರ್ಪುಗಾರರಿಗೆ ಅದನ್ನು ಮುಚ್ಚಿಡಬೇಡಿ. ಒಂದು ಡಿಎನ್‌ಎ ಅಣುವಿನ ದಪ್ಪ 2 ನ್ಯಾನೊಮೀಟರ್ ಮಾತ್ರ, ಕಣ್ಣಿಗೆ ಕಾಣುವ ಎಳೆ ಲೆಕ್ಕವಿಲ್ಲದಷ್ಟು ಅಣುಗಳ ಗುಂಪು.

ಪಕ್ಕದಲ್ಲೇ ಇನ್ನೊಂದು ಪ್ರನಾಳ ಇಡಿ: ಲಿವರ್ ಬಿಟ್ಟು ಮಿಕ್ಕೆಲ್ಲ ಅದೇ ಅಳತೆ. ಅದರಲ್ಲಿ ಎಳೆ ಏಳದಿದ್ದರೆ, ಮೊದಲನೆಯದರ ಎಳೆ ಲಿವರ್‌ನದೇ ಎಂದು ಧೈರ್ಯವಾಗಿ ಹೇಳಬಹುದು.