ನ್ಯೂರಾನಿಗೆ ವೇಷ ಹಾಕೋ ಜೀನ್ ಹಿಡಿಯೋದು ಹೇಗೆ

ಮೈಯಲ್ಲಿರೋ ಹೆಚ್ಚುಕಮ್ಮಿ ಎಲ್ಲಾ ಜೀವಕೋಶಕ್ಕೂ ಡಿಎನ್ಎ ಒಂದೇ, ಆದ್ರೂ ಒಂದು ನ್ಯೂರಾನ್ (ನರಕೋಶ) ಸ್ಪರ್ಶ ಹಿಡಿಯತ್ತೆ, ಇನ್ನೊಂದು ಉಪ್ಪು ಹಿಡಿಯತ್ತೆ, ಮತ್ತೆ ಸಾಯೋವರೆಗೂ ಅದೇ ಕೆಲಸ ಮಾಡ್ತಿರತ್ತೆ. ಯಕ್ಷಗಾನದ ಚೌಕಿ ನೋಡಿದ್ರೆ ಇದು ಬೇಗ ಅರ್ಥ ಆಗತ್ತೆ, ಕಲಾವಿದ ಚೌಕಿಗೆ ಬರೋದು ಒಂದು, ವೇಷ ಕಟ್ಟೋದು ಇನ್ನೊಂದು, ಬೆವರಿಗೆ ಬಣ್ಣ ಇಳೀದ ಹಾಗೆ ಬೆಳಗಿನವರೆಗೆ ನೋಡ್ಕೊಳ್ಳೋದು ಮೂರನೇದು. ನೀವು ಹಿಡಿಯೋಕೆ ಹೊರಟಿರೋ ಜೀನ್ ಇದರಲ್ಲಿ ಯಾವ ಕೆಲಸ ಮಾಡ್ತಿದೆ ಅಂತ ಬೇರೆ ಬೇರೆ ಮಾಡಿ ಕೇಳದೇ ಇದ್ರೆ ಎಷ್ಟು ಪ್ರಯೋಗ ಮಾಡಿದ್ರೂ ಉತ್ತರ ಕಲಸುಮೇಲೋಗರ.

ಮೊದಲು ಪ್ರಾಣಿ ಆರಿಸ್ಕೊಳ್ಳಿ. ನಾನು ಹೇಳೋದು ಸಿ. ಎಲೆಗನ್ಸ್, ಒಂದು ಮಿಲಿಮೀಟರ್ ಉದ್ದದ ಹುಳು. ಮೈ ಪಾರದರ್ಶಕ, ಹರ್ಮಾಫ್ರೊಡೈಟ್ (ಮೊಟ್ಟೆ, ವೀರ್ಯಾಣು ಎರಡೂ ಮಾಡೋ) ಹುಳದಲ್ಲಿ ಸರಿಯಾಗಿ 302 ನ್ಯೂರಾನು, 118 ಬಗೆ, ಒಂದೊಂದಕ್ಕೂ ಹೆಸರಿದೆ. ಅದರಲ್ಲಿ ಮೆಲ್ಲಗೆ ಮುಟ್ಟಿದ್ದನ್ನ ಹಿಡಿಯೋದು ಬರೀ 6 ನ್ಯೂರಾನ್, ಕಲಿಯೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಪರೀಕ್ಷೆಗೆ ಬೇಕಾಗಿರೋದು ಹುಬ್ಬಿನ ಒಂದು ಕೂದಲು, ತಮಾಷೆ ಅಲ್ಲ. ಅದನ್ನ ಟೂತ್‌ಪಿಕ್ ತುದಿಗೆ ಅಂಟಿಸಿ ಗಂಟಲಿನ ಹಿಂದೆ ಮೆಲ್ಲಗೆ ಸವರಿದ್ರೆ ಹುಳ ಹಿಂದಕ್ಕೆ ಹೋಗತ್ತೆ, ಬಾಲದ ಹತ್ರ ಸವರಿದ್ರೆ ಮುಂದಕ್ಕೆ. ತಲೆಗೊಂದು ಬಾಲಕ್ಕೊಂದು ಅಂತ ಹತ್ತು ಸಲ ಮುಟ್ಟಿ ಎಷ್ಟಕ್ಕೆ ಸ್ಪಂದಿಸ್ತು ಬರ್ಕೊಳ್ಳಿ. ಸ್ಪಂದಿಸದೇ ಇರೋ ಹುಳನ ಪ್ಲಾಟಿನಂ ತಂತಿಯಿಂದ ಸ್ವಲ್ಪ ಜೋರಾಗಿ ತಿವೀರಿ, ಆಗ ಓಡಿದ್ರೆ ಲಕ್ವ ಹೊಡೆದಿಲ್ಲ, ಸ್ಪರ್ಶ ಮಾತ್ರ ಹೋಗಿದೆ ಅಂತ. ವಿಜ್ಞಾನಿಗಳಾದ ಮಾರ್ಟಿನ್ ಚಾಲ್ಫಿ ಮತ್ತು ಜಾನ್ ಸಲ್‌ಸ್ಟನ್ 1981ರಲ್ಲಿ ವಿವರಿಸಿದ ಮೆಕ್ ಮ್ಯೂಟೆಂಟುಗಳು (ಒಂದು ಜೀನ್ ಕೆಟ್ಟು ಸ್ಪರ್ಶ ಕಳ್ಕೊಂಡ ಹುಳಗಳು) ಹೀಗೆ ಕೂದಲಲ್ಲಿ ಮುಟ್ಟಿಯೇ ಸಿಕ್ಕಿದ್ದು.

ಮ್ಯೂಟೆಂಟ್ ಸಿಕ್ಕಿದ ತಕ್ಷಣ ಕುಣೀಬೇಡಿ, ಮೈಕ್ರೋಸ್ಕೋಪಲ್ಲಿ ಆ ನ್ಯೂರಾನ್ ಇದೆಯಾ ಇಲ್ವಾ ನೋಡಿ. ಇಡೀ ವಿಷಯದ ಜೀವಾಳ ಇದೇ. ಅಂಕ್-86 ಅನ್ನೋ ಜೀನ್ ಕೆಟ್ಟಿದ್ರೆ ಸ್ಪರ್ಶದ ನ್ಯೂರಾನ್ ಹುಟ್ಟೋದೇ ಇಲ್ಲ, ತಾಯಿಕೋಶಗಳು ಬೇರೆ ದಾರಿ ಹಿಡೀತವೆ. ಮೆಕ್-4 ಜೀನಲ್ಲಿ ಕೆಲವು ಮ್ಯುಟೇಶನ್ (ಡಿಎನ್ಎ ಬದಲಾವಣೆ) ಇದ್ರೆ ನ್ಯೂರಾನ್ ಹುಟ್ಟಿ ಆಮೇಲೆ ಊದ್ಕೊಂಡು ಸಾಯತ್ತೆ. ಮೆಕ್-3 ಕೆಟ್ಟಾಗ ಮಾತ್ರ ಕೋಶ ಇರತ್ತೆ, ನ್ಯೂರಾನೂ ಹೌದು, ಆದ್ರೆ ಸ್ಪರ್ಶದ ನ್ಯೂರಾನಿಗೆ ವಿಶೇಷವಾಗಿರೋ ದಪ್ಪ ಮೈಕ್ರೋಟ್ಯೂಬ್ಯೂಲು (ಕೋಶದೊಳಗಿನ ಸಣ್ಣ ಕೊಳವೆಗಳು), ಸ್ಪರ್ಶ ಹಿಡಿಯೋ ಚಾನಲ್ಲು (ಕೋಶದ ಹೊದಿಕೆಯ ಬಾಗಿಲು), ಯಾವ್ದೂ ಇಲ್ಲ. ಅಂದ್ರೆ ಕಲಾವಿದ ಬಂದು ಕೂತಿದಾನೆ, ವೇಷ ಕಟ್ಟೋರಿಲ್ಲ. ಇಂಥ ಜೀನನ್ನೇ ಟರ್ಮಿನಲ್ ಸೆಲೆಕ್ಟರ್ ಅಂತಾರೆ, ಆ ಹೆಸರು ಬಳಕೆಗೆ ತಂದಿದ್ದು ಆಲಿವರ್ ಹೋಬರ್ಟ್ ಅನ್ನೋ ವಿಜ್ಞಾನಿ.

ಈಗ ಮಾರ್ಕರ್ ವಿಷಯ, ಅಂದ್ರೆ ಇದು ಇಂಥಾ ನ್ಯೂರಾನ್ ಅಂತ ತೋರಿಸೋ ಗುರುತು. ಒಂದೇ ಮಾರ್ಕರ್ ಆರಿಹೋಯ್ತು ಅಂತ ಐಡೆಂಟಿಟಿ ಹೋಯ್ತು ಅನ್ನೋರು ಜಾಸ್ತಿ, ನಂಗೆ ಇದು ಸುತಾರಾಂ ಇಷ್ಟ ಇಲ್ಲ. ಒಂದಕ್ಕೊಂದು ಸಂಬಂಧ ಇಲ್ಲದ ಮೂರ್ನಾಲ್ಕು ತಗೊಳ್ಳಿ, ಮೆಕ್-7 ಟ್ಯೂಬುಲಿನ್, ಮೆಕ್-4 ಚಾನಲ್, ಮೆಕ್-17 ಹೀಗೆ, ಪ್ರತಿಯೊಂದರ ಪ್ರೊಮೋಟರಿಗೆ (ಜೀನನ್ನ ಆನ್ ಮಾಡೋ ಡಿಎನ್ಎ ತುಂಡು) ಹಸಿರು ಹೊಳೆಯೋ ಪ್ರೋಟೀನಿನ ಜೀನ್, ಅಂದ್ರೆ ಜಿಎಫ್‌ಪಿ ಹಚ್ಚಿ. ಚಾಲ್ಫಿ 1994ರಲ್ಲಿ ಹುಳದಲ್ಲಿ ಹಸಿರು ಬೆಳಕು ಹೊತ್ತಿಸಿದ್ದೂ ಮೆಕ್-7 ಪ್ರೊಮೋಟರ್ ಇಟ್ಕೊಂಡೇ, ಜಿಎಫ್‌ಪಿ ಕೆಲಸಕ್ಕೆ 2008ರ ನೊಬೆಲ್ಲಲ್ಲಿ ಅವ್ರಿಗೂ ಪಾಲು ಸಿಕ್ತು. ಜೊತೆಗೆ ಎಲ್ಲಾ ನ್ಯೂರಾನಲ್ಲೂ ಉರಿಯೋ ರ‍್ಯಾಬ್-3 ತರದ್ದೊಂದು ಕೆಂಪು ಮಾರ್ಕರ್ ಇರಲೇಬೇಕು. ಹಸಿರೆಲ್ಲಾ ಆರಿ ಕೆಂಪು ಉಳಿದಿದ್ರೆ ನಿಮ್ಮ ದಾರಿ ಸರಿ.

ಆಮೇಲೆ ಪ್ರೊಮೋಟರ್ ಒಳಗೆ ನಿಮ್ಮ ಸೆಲೆಕ್ಟರ್ ಜೀನಿನ ಪ್ರೋಟೀನ್ ಕೂರೋ ಚಿಕ್ಕ ಡಿಎನ್ಎ ಅಕ್ಷರಸಾಲು ಹುಡುಕಿ ಕೆಡಿಸಿ, ಜಿಎಫ್‌ಪಿ ಆರತ್ತಾ ನೋಡಿ. ಮೆಕ್-3, ಅಂಕ್-86 ಪ್ರೋಟೀನ್ ಎರಡೂ ಜೋಡಿಯಾಗಿ ಮೆಕ್-4, ಮೆಕ್-7 ಜೀನುಗಳ ಮುಂದೆ ಕೂರ್ತವೆ, ಮೆಕ್-3ರ ಸ್ವಂತ ಪ್ರೊಮೋಟರ್ ಮೇಲೂ ಕೂರ್ತವೆ. ಕಾಯಂ ಆಗಿ ಉಳಿಯೋ ಗುಟ್ಟು ಇಲ್ಲೇ ಇರೋದು, ಒಂದ್ಸಲ ಆನ್ ಆದ್ರೆ ತನ್ನನ್ನ ತಾನೇ ಆನ್ ಇಟ್ಕೊಳ್ಳತ್ತೆ.

ಆ ಮಾತನ್ನ ಹಾಗೇ ನಂಬಬೇಡಿ, ಪರೀಕ್ಷೆ ಮಾಡಿ. ಜೀನ್ ತಿದ್ದೋ ಕ್ರಿಸ್ಪರ್ ಹಾಕಿ ಪ್ರೋಟೀನಿಗೆ ಡೆಗ್ರಾನ್ ಬಾಲ (ಇದನ್ನ ಕರಗಿಸಿ ಅಂತ ಹೇಳೋ ಚೀಟಿ) ಅಂಟಿಸಿ, ಆ ಚೀಟಿ ಓದೋಕೆ ಗಿಡದಿಂದ ತಂದ ಟಿಐಆರ್1 ಪ್ರೋಟೀನ್ ಇರೋ ಹುಳಕ್ಕೆ ಸೇರಿಸಿ, ದೊಡ್ಡದಾಗೋವರೆಗೂ ಸುಮ್ನೆ ಬಿಟ್ಟು ಆಮೇಲೆ ಆಕ್ಸಿನ್ ಅನ್ನೋ ಗಿಡದ ಹಾರ್ಮೋನ್ ಇರೋ ಪ್ಲೇಟಿಗೆ ಹಾಕಿದ್ರೆ ಪ್ರೋಟೀನ್ ಬೇಗ ಕರಗತ್ತೆ. ಆಗ ಮಾರ್ಕರ್ ಆರಿದ್ರೆ ವೇಷ ಉಳಿಸೋದಕ್ಕೂ ಆ ಜೀನ್ ಬೇಕು ಅಂತ. ಪ್ಲೇಟ್ ಕತ್ತಲಲ್ಲಿಡಿ, ಆಕ್ಸಿನ್ ಬೆಳಕಿಗೆ ಹಾಳಾಗತ್ತೆ. ಆಕ್ಸಿನ್ ಇಲ್ಲದೆ ಅದನ್ನ ಕರಗಿಸೋಕೆ ಬಳಸೋ ಎಥನಾಲ್ ಮಾತ್ರ ಇರೋ ಇನ್ನೊಂದು ಪ್ಲೇಟ್ ಹೋಲಿಕೆಗೆ ಬೇಕೇ ಬೇಕು. ಜಿಎಫ್‌ಪಿ ಇಲ್ಲಿ ಚೆನ್ನಾಗಿ ಮೋಸ ಮಾಡತ್ತೆ, ಜೀನ್ ಆಫ್ ಆಗಿದ್ರೂ ಹಳೇ ಜಿಎಫ್‌ಪಿ ದಿನಗಟ್ಟಲೆ ಹೊಳೀತಿರತ್ತೆ, ನಾನು ಎರಡು ವಾರ ವೇಷ ಉಳಿಸೋಕೆ ಈ ಜೀನ್ ಬೇಕಾಗೇ ಇಲ್ಲ ಅಂದ್ಕೊಂಡು ಕೂತಿದ್ದೆ. ಸಾಧ್ಯ ಆದ್ರೆ ಆರ್‌ಎನ್ಎಯನ್ನೇ ನೇರವಾಗಿ ಎಣಿಸಿ.

ಆಕ್ಸಿನ್ ತೆಗೆದು ವಾಪಸ್ ಮಾಮೂಲಿ ಪ್ಲೇಟಿಗೆ ಹಾಕೋದನ್ನೂ ಮರೀಬೇಡಿ. ಉಪ್ಪಿನ ರುಚಿ ಹಿಡಿಯೋ ಎಎಸ್ಇ ಅನ್ನೋ ನ್ಯೂರಾನಿನಲ್ಲಿ ಚೆ-1 ಅನ್ನೋ ಸೆಲೆಕ್ಟರ್ ಸ್ವಲ್ಪ ಹೊತ್ತು ಕಮ್ಮಿ ಆದ್ರೆ ಬೇರೆ ಜೀನುಗಳು ಮಂಕಾದ್ರೂ ಅದು ತನ್ನದೇ ಪ್ರೊಮೋಟರ್ ಬಿಟ್ಟುಕೊಡದೆ ಕೂತಿರತ್ತೆ, ಹಾಗಾಗಿ ನ್ಯೂರಾನ್ ಚೇತರಿಸ್ಕೊಳ್ಳತ್ತೆ, ತುಂಬಾ ಹೊತ್ತಾದ್ರೆ ಮುಗೀತು. ಇಲಿಯಲ್ಲೂ ಹೀಗೇ ಕಂಡಿದೆ, ಬೆಳೆದ ಇಲಿಯ ಡೋಪಮಿನ್ ನ್ಯೂರಾನಿಂದ ನರ್1 ಜೀನ್ ತೆಗೆದ್ರೆ ಡೋಪಮಿನ್ ಗುಣಗಳು ಒಂದೊಂದೇ ಕಳಚ್ಕೊಳ್ತವೆ.

ಕೊನೇ ಪರೀಕ್ಷೆ, ಜೀನನ್ನ ಬೇರೆ ಕೋಶದಲ್ಲಿ ಬಲವಂತವಾಗಿ ಆನ್ ಮಾಡಿ ಅದೇ ವೇಷ ಬರತ್ತಾ ನೋಡೋದು. ಎಫ್ಎಲ್‌ಪಿ ಅನ್ನೋ ಇನ್ನೊಂದು ನ್ಯೂರಾನಲ್ಲಿ ಮೆಕ್-3 ಇದ್ರೂ ಅದು ಮೆಲ್ಲನೆಯ ಸ್ಪರ್ಶದ ನ್ಯೂರಾನ್ ಆಗಲ್ಲ, ಯಾಕಂದ್ರೆ ಅಲ್ಲಿ ಎಗ್ಲ್-44, ಎಗ್ಲ್-46 ಅನ್ನೋ ಎರಡು ಜೀನುಗಳು ತಡೆ ಹಾಕಿವೆ, ಅವನ್ನ ತೆಗೆದ್ರೆ ಸ್ಪರ್ಶದ ಜೀನುಗಳು ಆನ್ ಆಗ್ತವೆ. ಅದಕ್ಕೇ ಆಗ್ಲಿಲ್ಲ ಅಂತ ಕೈಬಿಡೋ ಮುಂಚೆ ತಡೆ ಏನಾದ್ರೂ ಇದೆಯಾ ಹುಡುಕಿ. ಕ್ರೊಮಾಟಿನ್, ಅಂದ್ರೆ ಡಿಎನ್ಎಯನ್ನ ಸುತ್ತಿಟ್ಟಿರೋ ಪ್ರೋಟೀನ್ ಕಟ್ಟು, ಅದೂ ತಡೆ ಆಗಬಹುದು. ಮೊಟ್ಟೆ, ವೀರ್ಯಾಣು ಹುಟ್ಟೋ ಬೀಜಕೋಶದಲ್ಲಿ ಬರೀ ಚೆ-1 ಆನ್ ಮಾಡಿದ್ರೆ ಏನೂ ಆಗಲ್ಲ, ಆದ್ರೆ 2011ರಲ್ಲಿ ಹೋಬರ್ಟ್ ಲ್ಯಾಬಿನವರು ಮೊದಲು ಕ್ರೊಮಾಟಿನ್ ತಡೆಗೆ ಬೇಕಾದ ಲಿನ್-53 ತೆಗೆದು ಆಮೇಲೆ ಚೆ-1 ಕೊಟ್ರು, ಮೊಟ್ಟೆ ಆಗಬೇಕಿದ್ದ ಕೋಶಗಳು ಎಎಸ್ಇ ನ್ಯೂರಾನಿನ ಮಾರ್ಕರ್ ಹೊತ್ಕೊಂಡು ಎಳೆ ಚಾಚೋಕೆ ಶುರು ಮಾಡಿದ್ವು.