ಟಬ್ ಪಕ್ಕದ ಜಾಯಿಂಟನ್ನು ಟೈಲ್ ಅಡಿಗೆ ತಳ್ಳಿದೆ

ಟಬ್ ಪಕ್ಕದ ಗೋಡೆಯಲ್ಲಿ, ಸಿಮೆಂಟ್ ಬೋರ್ಡ್ (ಟೈಲ್ ಅಡಿಗೆ ಹಾಕುವ, ನೀರಿಗೆ ಹಾಳಾಗದ ಹಲಗೆ) ಮುಗಿದು ಡ್ರೈವಾಲ್ (ಕಾಗದ ಹೊದಿಸಿದ ಜಿಪ್ಸಮ್ ಹಲಗೆ) ಶುರುವಾಗುವ ಕಡೆ ಮೇಲಿಂದ ಕೆಳಗೆ ಕೂದಲೆಳೆಯ ಬಿರುಕು. ಅಮೆರಿಕದಲ್ಲಿ ಬಾತ್‌ರೂಮ್ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಇದು ಹೊಸದಲ್ಲ. ಡೆಟ್ರಾಯಿಟ್ ಪಕ್ಕದ ನಮ್ಮ ಮನೆಯಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದ ಕೂಡಲೇ ಅದು ಹಾಜರ್. ಹಿಂದೆ ಕೆಲಸ ಮಾಡಿದ್ದ ಪುಣ್ಯಾತ್ಮ ಜಾಯಿಂಟನ್ನು ಟೈಲ್‌ನಿಂದ ಆಚೆ, ಬರೀ ಪೇಂಟ್ ಗೋಡೆಯಲ್ಲಿ ಬಿಟ್ಟುಹೋಗಿದ್ದ. ಸಂದು ಮುಚ್ಚುವ ಮಡ್ (ಜಾಯಿಂಟ್ ಕಾಂಪೌಂಡ್) ಬಳಿದೆ, ಉಜ್ಜಿದೆ, ಪೇಂಟ್ ಹೊಡೆದೆ. ಪೇಪರ್ ಟೇಪ್ ಕಿತ್ತು ಬಲೆಯಂಥ ಮೆಶ್ ಟೇಪ್ ಹಾಕಿದೆ. ಕೊನೆಗೆ ರಬ್ಬರಿನಂಥ ಕಾಕ್ ಕೂಡ ತುಂಬಿ ನೋಡಿದೆ. ಆ ಒಂದು ಗೆರೆಗೇ ಇನ್ನೂರು ಡಾಲರ್ ಹತ್ತಿರ ಸುರಿದಿರಬೇಕು. ಟಬ್ ಸುತ್ತಲಿನ ಮೂರೂ ಗೋಡೆ ಹೊಸದಾಗಿ ಮಾಡಿಸೋಣವೆಂದರೆ ಐದು ಸಾವಿರದ ಮೇಲೆ ಕೇಳಿದರು.

ಟೈಲ್ ಹೇಗೂ ಹಳೆಯದು, ಎಲ್ಲ ಕಿತ್ತು ಹಾಕಿದೆ. ಆಗ ಗೊತ್ತಾಯಿತು, ರೋಗ ಟೇಪಿನದಲ್ಲ, ಹಿಂದಿನ ಮರದ್ದು. ಗೋಡೆಯೊಳಗೆ ನಿಲ್ಲಿಸಿದ ಒಂದೇ ಟೂ-ಬೈ-ಫೋರ್ ಮರದ ಕಂಬದ (ಸ್ಟಡ್) ಒಂದೂವರೆ ಇಂಚು ಮುಖವನ್ನು ಎರಡು ಬೋರ್ಡು ಹಂಚಿಕೊಂಡಿದ್ದವು. ಪಾಲಿಗೆ ಬಂದದ್ದು ಮುಕ್ಕಾಲು ಇಂಚು. ಅಷ್ಟು ಅಂಚಿನಲ್ಲಿ ಸ್ಕ್ರೂ ಹೊಡೆದರೆ ಸಿಮೆಂಟ್ ಬೋರ್ಡ್ ಉದುರದೆ ಇರುತ್ತದೆಯೇ? ಅರ್ಧಕ್ಕರ್ಧ ಸ್ಕ್ರೂ ಬರೀ ಪುಡಿ ಹಿಡಿದುಕೊಂಡು ನಿಂತಿದ್ದವು. ಹೆಬ್ಬೆರಳಲ್ಲಿ ಒತ್ತಿದರೆ ಬೋರ್ಡು ಟಕ್ ಎಂದು ಒಳಗೆ ಹೋಗಿ ವಾಪಸ್ ಬರುತ್ತಿತ್ತು. ಇದರ ಮೇಲೆ ಯಾವ ಟೇಪ್ ತಾನೇ ನಿಂತೀತು!

ಸ್ಟಡ್ಡಿಗೆ ಇನ್ನೊಂದು ಟೂ-ಬೈ-ಫೋರ್ ಜೋಡಿಸಿ ಬಿಗಿದೆ. ನಾಲ್ಕೈದು ಡಾಲರಿನ ಮರ. ಈಗ ಒಂದೊಂದು ಬೋರ್ಡಿಗೂ ತನ್ನದೇ ಒಂದೂವರೆ ಇಂಚು. ಜಾಯಿಂಟನ್ನು ಟಬ್ಬಿನ ಅಂಚಿನಿಂದ ಹೊರಗೆ, ಆದರೆ ಟೈಲ್ ಮುಗಿಯುವ ಗೆರೆಗಿಂತ ಸುಮಾರು ಎರಡು ಇಂಚು ಒಳಗೆ ತಂದೆ. ಕೊನೆಯ ಟೈಲ್ ಜಾಯಿಂಟ್ ದಾಟಿ ಡ್ರೈವಾಲ್ ಮೇಲೆ ಕೂರುತ್ತದೆ.

ಇದಕ್ಕೇ ಗೆಳೆಯ ತಕರಾರು ತೆಗೆದ. ಅವನೂ ಹಾಸನದ ಕಡೆಯವನು, ಎರಡು-ಮೂರು ಬಾತ್‌ರೂಮ್ ಮಾಡಿ ಪಳಗಿದವನು. "ಡ್ರೈವಾಲ್ ಮೇಲೆ ಟೈಲಾ? ಗುರೂ, ಕಳಚಿ ಕಾಲ ಮೇಲೆ ಬೀಳುತ್ತೆ ನೋಡ್ತಿರು" ಎಂದ. ನೀರು ಬೀಳುವ ಜಾಗವಾದರೆ ಅವನು ಹೇಳಿದ್ದು ಸರಿ. ಇದು ಶವರ್ ಪರದೆಯ ಆಚೆಯ ಒಣ ಗೋಡೆ. ಅಡುಗೆಮನೆಯ ಕಟ್ಟೆ ಹಿಂದಿನ ಟೈಲ್ (ಬ್ಯಾಕ್‌ಸ್ಪ್ಲ್ಯಾಶ್) ಎಲ್ಲ ಡ್ರೈವಾಲ್ ಮೇಲೇ ತಾನೇ ನಿಂತಿರುವುದು?

ದಪ್ಪದ ಕಾಟ ಬೇರೆ. ಹಾರ್ಡಿಬ್ಯಾಕರ್ ಎಂಬ ಸಿಮೆಂಟ್ ಬೋರ್ಡನ್ನು ಅರ್ಧ ಇಂಚಿನದು ಅಂತ ತಂದರೂ ನಿಜವಾಗಿ ಅದು 0.42 ಇಂಚು. ಡ್ರೈವಾಲ್ ಪೂರ್ತಿ ಅರ್ಧ. ಎರಡು ಮಿಲಿಮೀಟರ್ ತಾನೇ ಎಂದು ಬಿಟ್ಟರೆ ಕೊನೆಯ ಸಾಲಿನ ಟೈಲ್ ಅಡ್ಡ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಬೋರ್ಡಿನ ಹಿಂದೆ ರಟ್ಟಿನ ತೆಳು ಪಟ್ಟಿ (ಶಿಮ್) ಕೊಟ್ಟು ಸರಿಮಾಡಿದೆ. ಮೂಲೆಯ ಹತ್ತಿರ ಆ ಶಿಮ್ಮನ್ನು ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ಎರಡು ಬೋರ್ಡಿನ ನಡುವೆ ಎಂಟನೇ ಒಂದು ಇಂಚು ಸಂದು ಬಿಟ್ಟು, ಮೊದಲು ಥಿನ್‌ಸೆಟ್ (ಟೈಲ್ ಅಂಟಿಸುವ ಸಿಮೆಂಟ್ ಗಾರೆ) ಒತ್ತಿ ತುಂಬಿ, ಮೇಲೆ ಸಿಮೆಂಟಿನ ಕ್ಷಾರಕ್ಕೆ ಹಾಳಾಗದ, ಸಿಮೆಂಟ್ ಬೋರ್ಡಿಗೆಂದೇ ಇರುವ ಮೆಶ್ ಟೇಪ್. ಅದರ ಮೇಲೆ ನೀರು ತಡೆಯಲು ಬಳಿಯುವ ರೆಡ್‌ಗಾರ್ಡ್, ಆದರೆ ಟೈಲ್ ಗೆರೆಗಿಂತ ಅರ್ಧ ಇಂಚು ಒಳಗೇ ನಿಲ್ಲಿಸಿ. ಆಚೆ ಹೋದರೆ ಅದರ ಮೇಲೆ ಪೇಂಟ್ ಸರಿಯಾಗಿ ಕೂರುವುದಿಲ್ಲ. ಹೊಸ ಡ್ರೈವಾಲ್ ಹಳೆಯದಕ್ಕೆ ಸೇರುವಲ್ಲಿ ಪೇಪರ್ ಟೇಪ್, ನೀರಲ್ಲಿ ಕಲಸಿದರೆ 45 ನಿಮಿಷದ ಆಸುಪಾಸಿನಲ್ಲಿ ಗಟ್ಟಿಯಾಗುವ ಪುಡಿ ಮಡ್. ಕಲಸಿಯೇ ಬರುವ ಬಕೆಟ್ ಮಡ್ ಒಣಗುತ್ತಾ ಕುಗ್ಗುತ್ತದೆ, ಇದು ಗಟ್ಟಿಯಾಗುವುದು ರಾಸಾಯನಿಕ ಕ್ರಿಯೆಯಿಂದ.

ಸುಮ್ಮನೆ ಕುತೂಹಲಕ್ಕೆ ಗ್ಯಾರೇಜಿನಲ್ಲಿ ತುಂಡುಗಳನ್ನು ಜೋಡಿಸಿಯೂ ನೋಡಿದ್ದೆ. ಸಿಮೆಂಟ್ ಬೋರ್ಡ್ ಮೇಲೆ ಪೇಪರ್ ಟೇಪ್, ಬಕೆಟ್ ಮಡ್ ಹಾಕಿದ್ದು ಬಿಸಿಲಿಗಿಟ್ಟ ಹಪ್ಪಳದಂತೆ ಅಂಚು ಎತ್ತಿತು. ಬೋರ್ಡು ಮಡ್ಡಿನ ನೀರನ್ನು ಬೇಗ ಹೀರಿಬಿಡುತ್ತದೆ. ಥಿನ್‌ಸೆಟ್ ಹಾಕಿದ ತುಂಡನ್ನು ಕಿತ್ತಾಗ ಡ್ರೈವಾಲಿನ ಕಾಗದವೇ ಹರಿದು ಬಂತು, ಜಾಯಿಂಟ್ ಬಿಡಲಿಲ್ಲ.

ಟೈಲ್ ಸೇರಿ ಎಲ್ಲ ಖರ್ಚು ನಾನೂರು ಡಾಲರ್ ಆಸುಪಾಸು. ಎರಡು ಮಿಷಿಗನ್ ಚಳಿಗಾಲ ಕಳೆದವು, ಬಿರುಕಿನ ಸುಳಿವಿಲ್ಲ. ಗೆಳೆಯ ಬಂದು ಟಾರ್ಚ್ ಬಿಟ್ಟು, ಉಗುರಿನಲ್ಲಿ ಕೆರೆದು ನೋಡಿ, ಈಗ ತನ್ನ ಮನೆಯ ಟಬ್ಬಿಗೂ ಬಾ ಅನ್ನುತ್ತಿದ್ದಾನೆ. ಬರುತ್ತೇನೆ, ಬೋರ್ಡ್ ಕತ್ತರಿಸುವುದು ಮಾತ್ರ ನಿನ್ನ ಕೆಲಸ, ಅದೂ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು ಎಂದಿದ್ದೇನೆ. ಆ ಸಿಲಿಕಾ ಧೂಳು ನನಗೆ ಸಾಕಾಗಿದೆ.