ಮಂಡಿ ನೋವಿಗೆ ಕಾಲೆತ್ತುವ ವ್ಯಾಯಾಮ: ಮೊದಲು ತೊಡೆ ಬಿಗಿ ಮಾಡಿ

ಮಂಡಿ ಸವೆದಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಮನೆಯಲ್ಲೇ ಕಾಲೆತ್ತುವ ವ್ಯಾಯಾಮ ಶುರು ಮಾಡುವವರು ಬಹಳ ಜನ. ಆದರೆ ಕಾಲನ್ನು ಸರ್ರನೆ ಎತ್ತಿ ದಪ್ಪಂತ ಬಿಡುತ್ತಾರೆ, ಸೊಂಟ ಹಿಡಿದುಕೊಳ್ಳುತ್ತದೆ, ಇದರಿಂದ ಏನೂ ಆಗಲ್ಲ ಎಂದು ವಾರದೊಳಗೆ ಬಿಟ್ಟೇಬಿಡುತ್ತಾರೆ.

ಮಂಡಿಯಲ್ಲಿ ತೊಡೆಮೂಳೆಯ ತುದಿಗೂ ಕೆಳಗಿನ ಮೂಳೆಯ ತುದಿಗೂ ನುಣುಪಾದ ಮೆದುಮೂಳೆಯ ಹೊದಿಕೆ ಇದೆ. ಅದಕ್ಕೆ ರಕ್ತನಾಳವೇ ಇಲ್ಲ. ಕಾಲು ಆಡಿಸಿದಾಗ ಅದು ಒತ್ತಿ, ಸಡಿಲಾಗಿ, ಕೀಲಿನೊಳಗಿನ ದ್ರವದಿಂದ ಪೋಷಣೆ ಪಡೆಯುತ್ತದೆ. ನೋವು ಅಂತ ಸುಮ್ನೆ ಕೂತರೆ ಅದಕ್ಕೂ ನಷ್ಟ, ಮಂಡಿಗೆ ಆಸರೆಯಾದ ತೊಡೆಯ ಸ್ನಾಯುವೂ ಸೊರಗುತ್ತದೆ.

ಚಾಪೆಯ ಮೇಲೆ ಅಂಗಾತ ಮಲಗಿ. ಮೆತ್ತನೆಯ ಹಾಸಿಗೆ ಬೇಡ. ಒಂದು ಕಾಲು ಮಡಚಿ, ಇನ್ನೊಂದು ನೀಟಾಗಿ ಚಾಚಿ.

ಎಲ್ಲರೂ ಎಡವುವುದು ಇಲ್ಲಿ. ಈಗಲೇ ಎತ್ತಬೇಡಿ. ಚಾಚಿದ ಕಾಲಿನ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಂಡು, ಮಂಡಿಯ ಹಿಂಭಾಗವನ್ನು ನೆಲಕ್ಕೆ ಒತ್ತಿ. ಮಂಡಿಚಿಪ್ಪಿಗಿಂತ ತುಸು ಮೇಲೆ, ತೊಡೆಗೆ ನಾಲ್ಕು ಬೆರಳು ಇಟ್ಟು ನೋಡಿ, ತೊಡೆ ಗಟ್ಟಿಯಾಗಬೇಕು, ಚಿಪ್ಪು ಸ್ವಲ್ಪ ಮೇಲಕ್ಕೆ ಸರಿಯಬೇಕು. ತೊಡೆ ಮೆತ್ತಗೇ ಇದ್ದು ಪೃಷ್ಠ ಮಾತ್ರ ಬಿಗಿಯಾದರೆ ತಪ್ಪು ಸ್ನಾಯು ಕೆಲಸ ಮಾಡುತ್ತಿದೆ ಎಂದರ್ಥ. ಮಂಡಿ ಪೂರ್ತಿ ಚಾಚಲು ಬರದವರು ಮಂಡಿಯ ಕೆಳಗೆ ಟವೆಲ್ ಸುರುಳಿ ಸುತ್ತಿ ಇಟ್ಟು, ಅದನ್ನೇ ಒತ್ತಿ. ಐದು ಎಣಿಸುವವರೆಗೆ ಹಿಡಿಯಿರಿ, ಉಸಿರು ಮಾತ್ರ ಕಟ್ಟಬೇಡಿ. ಮೊದಲ ವಾರ ಇಷ್ಟೇ ಸಾಕು.

ಆಮೇಲೆ ಆ ಬಿಗಿ ಬಿಡದೇ ಕಾಲೆತ್ತಿ. ಮಡಚಿದ ಮಂಡಿಯ ಎತ್ತರ ದಾಟುವುದು ಬೇಡ. ಎತ್ತುವಾಗ ಮಂಡಿ ಒಂಚೂರು ಬಗ್ಗಿದರೂ ತೊಡೆ ಇನ್ನೂ ತಯಾರಾಗಿಲ್ಲ, ಹಿಂದಿನ ಹಂತಕ್ಕೇ ಹೋಗಿ. ಇಳಿಸುವುದು ಎತ್ತಿದ್ದಕ್ಕಿಂತ ನಿಧಾನವಾಗಿರಲಿ. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆರಡು ಹೊತ್ತು.

ಅಂದಹಾಗೆ, ಮೆದುಮೂಳೆಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್ ಮಾತ್ರೆಗೆ ದುಡ್ಡು ಸುರಿಯಬೇಡಿ. ಮಂಡಿ ಸವೆತಕ್ಕೆ ಅದು ಬೇಡ ಎಂದು ಅಮೆರಿಕದ ಕೀಲುರೋಗ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಖಡಾಖಂಡಿತವಾಗಿ ಹೇಳಿದೆ. ವ್ಯಾಯಾಮ ಮಾಡಿ, ತೂಕ ಜಾಸ್ತಿ ಇದ್ದರೆ ಇಳಿಸಿ ಎಂದೂ ಅದೇ ಹೇಳುತ್ತದೆ.

ಮಂಡಿ ಬಿಸಿಯಾಗಿ ಊದಿಕೊಂಡು ಜ್ವರವೂ ಇದ್ದರೆ ಈ ವ್ಯಾಯಾಮ ಬೇಡವೇ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಕೈಬೆರಳ ಗಿಣ್ಣುಗಳೂ ಊದಿ, ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ಅದು ಬರೀ ಸವೆತ ಇರಲಿಕ್ಕಿಲ್ಲ, ಸಂಧಿವಾತ (ರುಮಟಾಯ್ಡ್ ಆರ್ಥ್ರೈಟಿಸ್, ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ಬೀಳುವ ಕಾಯಿಲೆ) ಇರಬಹುದು. ಅದಕ್ಕೆ ಔಷಧವೇ ಬೇರೆ, ಬೇಗ ಶುರು ಮಾಡಿದಷ್ಟೂ ಕೀಲು ಉಳಿಯುತ್ತದೆ.